ಬೆಳಕಿನ ದಾರಿ, ಪೇಟೆಯ ದಾರಿ

ದಾರಿ ಕೇಳಿದವನಿಗೆ ನಾವು ಗುರುತು ಹೇಳುತ್ತೇವೆ. ಕೊಲ್ಲಾಪುರದ ಮಹಾದ್ವಾರ ರಸ್ತೆಗೆ ನನ್ನ ತಂದೆಯವರು ಹೇಳಿಕೊಟ್ಟ ಗುರುತುಗಳು ಮೂರು: ಪಾಪಾಚಿ ತಿಕಟಿ, ಬಿನಖಾಂಬಿ ಗಣಪತಿಯ ಗುಡಿ, ನಡುವೆ ಕಟ್ಟಿಗೆಯ ಮಾಳಿಗೆಯುಳ್ಳ ಒಂದು ಸೀರೆಯ ಅಂಗಡಿ. ಮೊದಲೆರಡು ಇಂದಿಗೂ ಇವೆ. ತಂಗಿಯ ಮದುವೆಯ ಜವಳಿಗೆಂದು ಮೂರನೆಯದನ್ನು ಹುಡುಕಿಕೊಂಡು ಹೋದಾಗ ಅಲ್ಲಿ ಗಾಜಿನ ಮುಖದ ಕಟ್ಟಡವೊಂದು ನಿಂತಿತ್ತು.

ಮನಸ್ಸಿಗೆ ವಿಷಾದವಾಯಿತು. ಆದರೆ ವಿಷಾದವು ವಾದವಾಗಲಾರದು. ಆ ಮಾಳಿಗೆಯೂ ಒಂದು ಕಾಲಕ್ಕೆ ಹೊಸದಾಗಿಯೇ ಇತ್ತು. ಅದಕ್ಕಾಗಿ ಇನ್ನಾವುದೋ ಹಳೆಯದು ಬಿದ್ದಿರಬೇಕು. ಗುಜರಿಯಲ್ಲಿ (ನಮ್ಮ ಕನ್ನಡದ ಗುಜರಿಯಲ್ಲ, ಅಲ್ಲಿಯದು ಚಿನ್ನ ಬೆಳ್ಳಿಯ ಓಣಿ!) ಸಾಜ ಮಾಡುವ ಅಕ್ಕಸಾಲಿಗನಾಗಲಿ, ಚಪ್ಪಲಿ ಮಾರುವವನಾಗಲಿ, ಮಕ್ಕಳು ಬೆಳೆದರೆ ಮೇಲೊಂದು ಕೋಣೆ ಕಟ್ಟಲೇಬೇಕು. ಪೇಟೆಯೆಂಬುದು ಬದುಕುವವರ ಸ್ಥಳ. ಅದು ನಮ್ಮ ನೆನಪುಗಳ ಉಗ್ರಾಣವಲ್ಲ.

ಈ ರಸ್ತೆಗೆ ನಾಲ್ಕನೆಯ ಗುರುತೊಂದಿದೆ. ಅದು ಕಲ್ಲಿನದಲ್ಲ, ಕಟ್ಟಿಗೆಯದೂ ಅಲ್ಲ. ಮಹಾಲಕ್ಷ್ಮಿಯ ಗುಡಿ ಪಶ್ಚಿಮಾಭಿಮುಖವಾದುದು. ವರುಷಕ್ಕೆ ಎರಡು ಸಲ, ನವೆಂಬರ 9, 10, 11 ಹಾಗೂ ಜನವರಿ 31, ಫೆಬ್ರುವರಿ 1, 2ರ ಸಂಜೆ, ಮುಳುಗುವ ಸೂರ್ಯನ ಕಿರಣಗಳು ಮಹಾದ್ವಾರವನ್ನು ಹಾಯ್ದು ಗರ್ಭಗುಡಿಗೆ ಬರುತ್ತವೆ. ಮೊದಲ ದಿನ ಪಾದ, ಮರುದಿನ ಎದೆ, ಮೂರನೆಯ ದಿನ ಮುಖ, ಎಂದು ರೂಢಿ. ಇದೇ ಕಿರಣೋತ್ಸವ. ಡಿಸೆಂಬರದ ದಕ್ಷಿಣಾಯನಾಂತಕ್ಕೆ ಈ ಎರಡೂ ಹೊತ್ತುಗಳು ಸುಮಾರು ಆರು ವಾರಗಳ ಸಮದೂರದಲ್ಲಿವೆ. ಆದುದರಿಂದಲೇ ಸೂರ್ಯನು ಎರಡು ಸಲವೂ ಹೆಚ್ಚುಕಡಿಮೆ ಒಂದೇ ಎಡೆಯಲ್ಲಿ ಮುಳುಗುತ್ತಾನೆ. ವಿದ್ಯಾರ್ಥಿಗಳು ಇದನ್ನು ಭೂಗೋಲದ ಪಾಠದಲ್ಲಿಯೇ ಲೆಕ್ಕ ಹಾಕಬಹುದು.

ಇನ್ನೊಂದು ಮಾತು. ಸೂರ್ಯನು ಕೆಳಗಿಳಿದಷ್ಟೂ ಕಿರಣ ಮೇಲಕ್ಕೇರುತ್ತದೆ. ಎತ್ತರದ ಸೂರ್ಯನು ಪಾದವನ್ನು ಮುಟ್ಟಿದರೆ ತೀರ ತಗ್ಗಿದವನು ಮುಖವನ್ನು ಮುಟ್ಟುತ್ತಾನೆ. ಎದುರಿಗೆ ಒಂದು ಅಂತಸ್ತು ಹೆಚ್ಚಾಯಿತೆನ್ನೋಣ. ಅದು ಮರೆಮಾಡುವುದು ಆ ಕೊನೆಯ ಗಳಿಗೆಯ ಬೆಳಕನ್ನೇ. ಪಾದ ಬೆಳಗುವುದು, ಮುಖ ಕತ್ತಲಲ್ಲಿ ಉಳಿಯುವುದು. ಮಹಾದ್ವಾರದ ಎದುರಿನ ಕಟ್ಟಡಗಳಿಂದ ಇಂಥ ಅಡಚಣೆಯಾದುದುಂಟು. ಅವನ್ನು ಅಳೆದು ಗುರುತಿಸಿ ಕೆಲವನ್ನು ತೆಗೆಸಿದ್ದೂ ಉಂಟು. ಮೋಡ, ಧೂಳು, ಮಂಜುಗಳೂ ಅಡ್ಡ ಬರುತ್ತವೆ. ಎಲ್ಲ ದೋಷವನ್ನೂ ಅಂಗಡಿಕಾರನ ಮೇಲೆ ಹೊರಿಸುವುದು ನ್ಯಾಯವಲ್ಲ.

ಈ ಸಂಗತಿಯನ್ನು ನಾಲ್ಕನೆಯ ವರ್ಗದಲ್ಲಿ ಹೇಳಿದಾಗ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಗುರುಗಳ, ದೇವರಿಗೆ ದೀಪ ಇಲ್ಲೇನ್ರಿ? ಅದಕ್ಕಾಗಿ ಅವರ ಕೋಣಿ ಯಾಕ ಕೆಡವಬೇಕು?”

ಹುಡುಗನ ಮನೆಯಲ್ಲಿ ಎರಡು ಮಗ್ಗಗಳೂ ಆರು ಜನರೂ ಒಂದೇ ಕೋಣೆಯಲ್ಲಿರುವುದು ನನಗೆ ಗೊತ್ತು. ಭಕ್ತಿಯ ಉತ್ತರ ಅವನಿಗೆ ಸಾಲದು. ನಾನು ಹೇಳಿದುದಿಷ್ಟು: ಗೋಡೆಗೆ ಒಡೆಯನಿದ್ದಾನೆ, ಬಾಗಿಲಿಗೆ ಒಡೆಯನಿದ್ದಾನೆ, ನಡುವಿನ ಬಯಲಿಗೆ ಯಾರೂ ಇಲ್ಲ. ಆ ಕಿರಣ ಬರುವುದು ಬಯಲಿನಿಂದ. ಬೀದಿಯುದ್ದಕ್ಕೂ ಅನೇಕ ಮನೆಗಳು ಅನೇಕ ವರುಷ ಕಟ್ಟದೆ ಬಿಟ್ಟುದರಿಂದ ಅದು ಉಳಿಯಿತು. ಕಟ್ಟಿದವನ ಹೆಸರು ಕಟ್ಟಡದ ಮೇಲಿರುತ್ತದೆ. ಬಿಟ್ಟವನ ಹೆಸರು ಎಲ್ಲಿಯೂ ಇಲ್ಲ. ಹಾಗೆ ಬಿಡೆಂದು ಬಡವನಿಗೆ ಹೇಳುವ ಊರು ಅವನ ನಷ್ಟವನ್ನೂ ತಾನೇ ಹೊರಬೇಕು. ಇಲ್ಲವಾದರೆ ಅದು ಒಬ್ಬನ ಕೋಣೆಯಿಂದ ಎಲ್ಲರೂ ಪುಣ್ಯ ಕೊಂಡಂತೆ.

ಹುಡುಗ ತಲೆಯಾಡಿಸಿ ಕುಳಿತ. ಒಪ್ಪಿದನೋ, ಗಂಟೆಯಾಗಲೆಂದು ಸುಮ್ಮನಾದನೋ ತಿಳಿಯದು.

ಅಂದು ಸಂಜೆ ಮನೆಗೆ ಬಂದು ನಮ್ಮ ಮಾಳಿಗೆಯ ಕಡೆಗೆ ನೋಡಿದೆ. ಕಳೆದ ಬೇಸಿಗೆಯಲ್ಲಿ ಪುಸ್ತಕಗಳಿಗೆಂದು ಮೇಲೆ ಪತ್ರಾಸಿನ ಕೋಣೆಯೊಂದನ್ನು ಹಾಕಿಸಿದ್ದೆ. ಪಕ್ಕದ ಮನೆಯ ಅಜ್ಜಿ ಚಳಿಗಾಲದ ಮುಂಜಾನೆ ತನ್ನ ಕಟ್ಟೆಯ ಮೇಲೆ ಕುಳಿತು ಎಳೆಬಿಸಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಈಗ ಹತ್ತು ಗಂಟೆಯವರೆಗೆ ಅಲ್ಲಿ ನಮ್ಮ ಕೋಣೆಯ ನೆರಳು. ಆಕೆ ಒಂದು ಮಾತೂ ಆಡಿದವಳಲ್ಲ. ಮೊರವನ್ನೆತ್ತಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆಯೇ ಕುಳಿತುಕೊಳ್ಳುತ್ತಾಳೆ, ನನ್ನ ತಾಯಿ ಆಕೆಗೆ ಚಹಾ ಕೊಡುತ್ತಾಳೆ. ಏಕೆ ಇಲ್ಲಿಗೆ ಬಂದೆಯೆಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.