ತಿಳಿಯದ ಆಜ್ಞೆಗೆ ತಲೆಬಾಗಬೇಕೇ?



ಕ್ರಿ.ಶ. 535ರಲ್ಲಿ ರೋಮನ್ ಚಕ್ರವರ್ತಿ ಜಸ್ಟಿನಿಯನ್ ಚರ್ಚಿನ ಆಸ್ತಿ ಮಾರಾಟವನ್ನು ತಡೆಯುವ ಒಂದು ಶಾಸನ ಹೊರಡಿಸಿದ. ಅವನ ತಾಯ್ನುಡಿ ಲ್ಯಾಟಿನ್, ರೋಮಿನ ಕಾನೂನಿನ ಭಾಷೆಯೂ ಅದೇ. ಆದರೂ ಇದನ್ನು ಗ್ರೀಕಿನಲ್ಲಿ ಬರೆಸಿದ. ಜನರಿಗೆಲ್ಲ ಸುಲಭವಾಗಿ ತಿಳಿಯಲಿ ಎಂಬ ಕಾರಣವನ್ನೂ ಶಾಸನದೊಳಗೇ ಹೇಳಿದ.

ಚಕ್ರವರ್ತಿಯ ಮಾತಿಗೆ ಹಲವು ಹೆಸರುಗಳಿದ್ದವು. ಎಲ್ಲರಿಗೂ ಸಾರಿದ್ದು ಎಡಿಕ್ಟ್. ಎದುರಿಗೆ ಬಂದ ವ್ಯಾಜ್ಯದ ತೀರ್ಪು ಡಿಕ್ರಿ. ಈ ಪದ ನಮ್ಮ ಕೋರ್ಟುಗಳಲ್ಲಿ ಇವತ್ತಿಗೂ ಇದೆ. ಅರ್ಜಿಗೆ ಬರೆದ ಉತ್ತರ ರೆಸ್ಕ್ರಿಪ್ಟ್. ಸಾಮಾನ್ಯ ಸೈನಿಕರು, ಹೆಂಗಸರು ಕೂಡ ಕೇಳಿ ಉತ್ತರ ಪಡೆದಿದ್ದರು. ಆದರೆ ಕೇಳಬೇಕಾದರೆ ಮೊದಲು ತಿಳಿದಿರಬೇಕಲ್ಲ?

ಸಾರದೆ ಇದ್ದದ್ದು ಕಾನೂನೇ ಅಲ್ಲ ಎಂದು ಸಂತ ಥಾಮಸ್ ಅಕ್ವಿನಾಸರು ವಾದಿಸಿದರು. ಗೋಡೆಗೆ ಅಂಟಿಸಿದರೆ ಸಾರಿದಂತಾಯಿತೇ? ನಮ್ಮ ಉದ್ದನಪಲ್ಲಿಯಲ್ಲಿ ಇದು ಬರೀ ತತ್ವದ ಪ್ರಶ್ನೆಯಲ್ಲ. ಸಿಪ್‌ಕಾಟ್‌ಗೆ ಜಮೀನು ಕೊಡೆವೆಂದು ಸುತ್ತಲಿನ ರೈತರು ಧರಣಿ ಕೂತದ್ದನ್ನು ನಾವೆಲ್ಲ ಬಲ್ಲೆವು. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆ, ಪಂಚಾಯತಿಯಲ್ಲಿ ಪ್ರಕಟಣೆ ಸ್ಥಳೀಯ ಭಾಷೆಯಲ್ಲಿರಬೇಕು, ಆಕ್ಷೇಪಣೆಗೆ 60 ದಿನ ಇರಬೇಕು ಎನ್ನುತ್ತದೆ. ಒಂದು ಬೀದಿಯಲ್ಲಿ ಕನ್ನಡ, ಮುಂದಿನದರಲ್ಲಿ ತೆಲುಗು, ಅಂಗಡಿಯಲ್ಲಿ ತಮಿಳು ಆಡುವ ಈ ಕಡೆ ಸ್ಥಳೀಯ ಭಾಷೆ ಯಾವುದು? ಕಚೇರಿಗೆ ಒಂದೇ: ತಮಿಳು. ಓದಲು ಬಾರದ ಅಜ್ಜನಿಗೆ ಆ 60 ದಿನ ಯಾವಾಗ ಶುರುವಾಯಿತು?

ಕಾನೂನು ಗೊತ್ತಿರಲಿಲ್ಲ ಎಂದರೆ ನಡೆಯುವುದಿಲ್ಲ ಎನ್ನುತ್ತಾರೆ. ರೋಮಿನವರೂ ಹಾಗೇ ಎಂದರು. ಆದರೆ ಕೆಲವು ವಿಷಯಗಳಲ್ಲಿ 25 ವರ್ಷದೊಳಗಿನವರಿಗೆ, ಸೈನಿಕರಿಗೆ, ಹಳ್ಳಿಗಾಡಿನವರಿಗೆ ವಿನಾಯಿತಿ ಕೊಟ್ಟರು. (ನಮ್ಮ ಯುವಬಳಗದಲ್ಲಿ ಬಹುಪಾಲು ಎರಡು ಲೆಕ್ಕದಲ್ಲೂ ಪಾರು!) ತಿಳಿಸುವ ಹೊಣೆ ಮೊದಲು ಆಜ್ಞೆ ಹೊರಡಿಸಿದವರದು, ಅದಾದ ಮೇಲೇ ಪಾಲಿಸುವವರದು ಎಂದು ನಮಗನಿಸುತ್ತದೆ.

ಅನುವಾದವೊಂದೇ ಸಾಲದು. ಜಸ್ಟಿನಿಯನ್ನನ ಗ್ರೀಕ್ ಶಾಸನಗಳಲ್ಲೂ ಲ್ಯಾಟಿನ್ ಪಾರಿಭಾಷಿಕ ಪದಗಳು ಹಾಗೇ ಉಳಿದವು. ನಮ್ಮಲ್ಲೂ ಪಟ್ಟಾ, ಚಿಟ್ಟಾ, ಅಡಂಗಲ್ ಇವೆ. ಗಡಿಯಾಚೆ ಕರ್ನಾಟಕದಲ್ಲಿ ಪಹಣಿ ಎಂದರೆ ತಿಳಿಯುವ ನಂಟರಿಗೆ ಅಡಂಗಲ್ ಎಂದರೆ ತಿಳಿಯದು. ಬಿಎಸ್ಸಿ ಓದಿದರೂ ಈ ಪದಗಳನ್ನು ಯಾರೂ ಕಲಿಸುವುದಿಲ್ಲ.

ಸಂವಿಧಾನದ 350ನೇ ವಿಧಿಯಂತೆ ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು. ಕನ್ನಡದಲ್ಲೇ ಬರೆಯಿರಿ. ಬಂದ ನೋಟೀಸನ್ನು ಭಾನುವಾರ ಪೂಜೆಯ ನಂತರ ತನ್ನಿ. ತಮಿಳು ಓದಬಲ್ಲ ನಾವು ಗಡುವಿನ ದಿನಾಂಕವನ್ನು ಮೊದಲು ಓದಿ ಹೇಳುತ್ತೇವೆ, ಉಳಿದದ್ದನ್ನು ಆಮೇಲೆ.