ಬಚ್ಚಲ ನೀರಿನ ಋಣ

ನಮ್ಮ ಮನೆಯ ಬಚ್ಚಲು ಸೋರುತ್ತಿದೆ ಎಂಬುದು ನಮಗಿಂತ ಮೊದಲು ಪಕ್ಕದ ಮನೆಯವರಿಗೆ ತಿಳಿಯಿತು. ಆಳಂದದ ಹಳೆಯ ಓಣಿಗಳಲ್ಲಿ ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿವೆ. ನಮ್ಮ ಬಚ್ಚಲಿನ ಫರಸಿಕಲ್ಲಿನ ಕೆಳಗೆ ಎಲ್ಲಿಯೋ ಜಿನುಗಿದ ನೀರು ಅವರ ಗೋಡೆಯ ಬುಡವನ್ನು ನೆನೆಸಿ, ಸುಣ್ಣವನ್ನು ಉದುರಿಸಿ, ಜೋಳದ ಚೀಲ ಇಡುವ ಮೂಲೆಯಲ್ಲಿ ಕಮಟು ವಾಸನೆ ಎಬ್ಬಿಸಿತ್ತು. ಆ ಮನೆಯ ಹಿರಿಯ ತಾಯಿ ಬಂದು, "ಏನೂ ತಿಳ್ಕೋಬ್ಯಾಡ್ರಿ ಸರ, ನಿಮ್ಮ ಬಚ್ಚಲ ನೀರು ನಮ್ಮ ಗ್ವಾಡಿಗಿ ಇಳೀಲತ್ತದ" ಎಂದರು. ಅವರ ದನಿಯಲ್ಲಿ ದೂರಿಗಿಂತ ಸಂಕೋಚವೇ ಹೆಚ್ಚಾಗಿತ್ತು. ತೊಂದರೆ ಉಂಡವರು ಸಂಕೋಚಪಡುತ್ತಿದ್ದರು. ತೊಂದರೆಯ ಮೂಲವಾಗಿದ್ದ ನಾವು ನಿಶ್ಚಿಂತರಾಗಿದ್ದೆವು. ಇದು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆ, ಗೋಡೆ ಒಣಗಿದ ಮೇಲೂ ನನ್ನನ್ನು ಬಿಡಲಿಲ್ಲ.

ನಮ್ಮ ಸೀಮೆಯಲ್ಲಿ ನೀರು ಬರುವ ದಾರಿಯನ್ನು ಎಲ್ಲರೂ ಬಲ್ಲರು. ನಳದ ನೀರು ಯಾವ ದಿನ ಬರುತ್ತದೆ, ಕೊರಳ್ಳಿಯ ಅಮರ್ಜಾ ಜಲಾಶಯ ಎಷ್ಟು ತುಂಬಿದೆ, ಯಾರ ಬೋರು ಬತ್ತಿದೆ ಎಂಬುದು ಕಟ್ಟೆಯ ಮೇಲಿನ ನಿತ್ಯದ ಮಾತು. ಬರಗಾಲ ಕಂಡ ನೆಲದ ಜನ ಬರುವ ನೀರನ್ನು ಎಣಿಸುವುದು ಸಹಜ. ಆದರೆ ಹೋಗುವ ನೀರನ್ನು ಯಾರು ಎಣಿಸುತ್ತಾರೆ? 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್, ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಎಂಬ ಹೆಸರಿನಿಂದ, ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ತಲುಪಿಸುವ ಗುರಿ ಹೊಂದಿದೆ. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇಕಡ 80 ಭಾಗ ಬಳಕೆಯಾಗಿ ಹೊರಗೆ ಹೋಗುತ್ತದೆಂದು ಎಂಜಿನಿಯರರು ಲೆಕ್ಕ ಹಿಡಿಯುತ್ತಾರೆ. ಐದು ಜನರ ಮನೆಗೆ 275 ಲೀಟರ್ ಬಂದರೆ 220 ಲೀಟರ್ ಹೊರಗೆ ಹೋಗಬೇಕು. ಒಳಗೆ ಬಂದ ಗಂಗೆಗೆ ಕೈಮುಗಿಯುವ ನಾವು, ಅದೇ ಗಂಗೆ ಬಚ್ಚಲ ಕಿಂಡಿ ದಾಟಿದ ಕೂಡಲೇ ಅವಳೊಡನೆ ನಂಟು ಮುಗಿಯಿತೆಂದು ತಿಳಿಯುತ್ತೇವೆ.

ದುರಸ್ತಿಗೆ ಕರೆಸಿದ ಗೌಂಡಿ ಗೋಡೆಯ ಕಡೆ ನೋಡಲಿಲ್ಲ. ಬಚ್ಚಲಿನ ನಾಲ್ಕು ಫರಸಿ ಎಬ್ಬಿಸಲು ಹೇಳಿದರು. ಶಹಾಬಾದಿನ ಆ ಕಲ್ಲುಗಳ ಕೆಳಗೆ, ಬಚ್ಚಲ ಕಿಂಡಿಯ ನಹಾಣಿ ಟ್ರ್ಯಾಪಿಗೂ ಪೈಪಿಗೂ ನಡುವಿನ ಜೋಡು ಕಳಚಿತ್ತು. ಹಿಂದೊಮ್ಮೆ ಅದೇ ಜಾಗ ಸೋರಿದಾಗ ಯಾರೋ ಸುತ್ತಲೂ ದಪ್ಪನೆಯ ಸಿಮೆಂಟ್ ಮೆತ್ತಿ ಬಿಗಿ ಮಾಡಿದ್ದರು. ಅಷ್ಟು ಗಟ್ಟಿಯಾಗಿ ಕಟ್ಟಿದ್ದು ಯಾಕೆ ಒಡೆಯಿತು ಎಂದು ಕೇಳಿದೆ. ಗೌಂಡಿ ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ತೋರಿಸಿ, "ಎರಿಮಣ್ಣ ಅದರೀ ಸರ. ಬ್ಯಾಸಿಗ್ಯಾಗ ಬಿರಿತದ, ಮಳ್ಯಾಗ ಉಬ್ಬತದ. ಭೂಮಿನೇ ಅಲಗಾಡ್ತದ, ಪೈಪ್ ಬಿಗಿ ಹಿಡದ್ರ ಉಳೀತದೇನ್ರಿ?" ಎಂದರು.

ಎರೆಮಣ್ಣಿನ ಗುಣ ಗೊತ್ತಿಲ್ಲದವನಲ್ಲ ನಾನು. ಅದರಲ್ಲಿರುವ ಸೂಕ್ಷ್ಮ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ತೇವವನ್ನು ಹಿಡಿದಿಟ್ಟುಕೊಳ್ಳುವ ಈ ಗುಣದಿಂದಲೇ ಆಳಂದ, ಅಫಜಲಪುರ, ಜೇವರ್ಗಿಯ ಹೊಲಗಳಲ್ಲಿ ಮಳೆ ನಿಂತ ಮೇಲೂ ಹಿಂಗಾರಿ ಜೋಳ ಬೆಳೆಯುತ್ತದೆ, ತೊಗರಿ ಕಾಯಿ ಕಟ್ಟುತ್ತದೆ. ಹೊಲದಲ್ಲಿ ವರವಾದ ಆ ಗುಣ ಮನೆಯ ಬುನಾದಿಗೂ ಪೈಪಿಗೂ ಸವಾಲಾಗುತ್ತದೆ. ಗೌಂಡಿ ಮಾಡಿದ ಪರಿಹಾರ ಸರಳವಾಗಿತ್ತು. ಹಳೆಯ ಸಿಮೆಂಟ್ ಒಡೆದು ತೆಗೆದರು; ಎರೆಮಣ್ಣನ್ನು ಒಂದಿಷ್ಟು ಅಗೆದು ಹಾಕಿ ಆ ಜಾಗದಲ್ಲಿ ಉಸುಕು ಹಾಸಿದರು; ನಲವತ್ತು ಅಡಿಗೆ ಒಂದು ಅಡಿಯ ಲೆಕ್ಕದಲ್ಲಿ ಇಳುಕಲು ಕೊಟ್ಟು ಪೈಪ್ ಮಲಗಿಸಿದರು; ಜೋಡಿಗೆ ರಬ್ಬರ್ ಉಂಗುರ ಕೂರಿಸಿದರು. ನೆಲ ಅಲುಗಿದಾಗ ಪೈಪ್ ತುಸು ಸರಿಯಬಹುದು, ಆದರೆ ನೀರು ಸೋರದು. ನೆಲದ ಸ್ವಭಾವವನ್ನು ಒಪ್ಪಿಕೊಂಡು ಮಾಡಿದ ಕೆಲಸವಿದು. ಹಿಂದಿನ ದುರಸ್ತಿ ಆ ಸ್ವಭಾವದ ವಿರುದ್ಧ ಹಟ ಹಿಡಿದಿತ್ತು. ಮನೆಯೊಳಗಿನ ಸಂಬಂಧಗಳಲ್ಲಿಯೂ ಬಿರುಕು ಕಂಡಾಗ ನಾವು ಮೊದಲು ಹುಡುಕುವುದು ಬಿಗಿಮಾಡುವ ದಾರಿಯನ್ನೇ. ನಿಯಮ ಹೆಚ್ಚಿಸುತ್ತೇವೆ, ಮಾತು ಗಡುಸು ಮಾಡುತ್ತೇವೆ. ಎದುರಿಗಿರುವವರ ಋತುಮಾನವನ್ನು ಅರಿಯುವ ತಾಳ್ಮೆ ಕಡಿಮೆ.

ಜೋಡು ಬಿಚ್ಚಿದಾಗ ಪೈಪಿನ ತುಂಬ ಕೂದಲು, ಸಾಬೂನಿನ ಜಿಡ್ಡು, ಕಪ್ಪು ರಾಡಿ ಕಟ್ಟಿಕೊಂಡಿತ್ತು. ಗೌಂಡಿಯ ಜೊತೆಗೆ ಬಂದಿದ್ದ ಹುಡುಗ ಏನೂ ಹೇಳದೆ ಅದಕ್ಕೆ ಕೈ ಹಾಕಲು ಬಾಗಿದ. ಅವನನ್ನು ತಡೆದು ನಾನೇ ತೆಗೆಯಲು ಕುಳಿತೆ. ಆದರೆ ನನ್ನ ಕೈ ಕ್ಷಣಕಾಲ ಹಿಂಜರಿಯಿತು. ಆ ಹಿಂಜರಿಕೆಯನ್ನು ಸುಮ್ಮನೆ ದಾಟಿಹೋಗಲು ಮನಸ್ಸು ಒಪ್ಪುವುದಿಲ್ಲ. ಆ ಕೂದಲು ನನ್ನದು, ನನ್ನ ಮಕ್ಕಳದು. ಆ ಜಿಡ್ಡು ನಮ್ಮ ಮೈಯದು. ಬೆಳಿಗ್ಗೆ ನನ್ನ ಭಾಗವಾಗಿದ್ದದ್ದು ಕಿಂಡಿ ದಾಟಿದ ಮಾತ್ರಕ್ಕೆ ಮುಟ್ಟಬಾರದ್ದು ಹೇಗಾಯಿತು? ಎಳೆಯ ಮಗು ತನ್ನ ಹೊಲಸಿಗೆ ಹೇಸುವುದಿಲ್ಲ. ಹೇಸಿಕೆಯನ್ನು ನಾವು ಕಲಿಸುತ್ತೇವೆ. ಅದರಿಂದ ಆರೋಗ್ಯ ಉಳಿಯುವುದು ನಿಜ. ಆದರೆ ಅದೇ ಹೇಸಿಕೆಯ ಮೇಲೆ ನಮ್ಮ ಸಮಾಜ ಒಂದು ಏಣಿಯನ್ನೇ ಕಟ್ಟಿತು. ಹೊಲಸು ಮಾಡುವವರು ಮೇಲೆ, ತೆಗೆಯುವವರು ಕೆಳಗೆ. ಮಲಹೊರುವ ಪದ್ಧತಿಯನ್ನು ತಡೆಯಲು ದೇಶ 1993ರಲ್ಲಿ ಒಂದು ಕಾಯ್ದೆ ತಂದಿತು. ಅದು ಸಾಲದೆ 2013ರಲ್ಲಿ ಇನ್ನೊಂದು ತಂದು, ರಕ್ಷಣೆಯಿಲ್ಲದೆ ಒಳಚರಂಡಿಗೂ ಶೌಚಗುಂಡಿಗೂ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸಿತು. ಕಾಯ್ದೆ ಬಂದ ಮೇಲೂ ಗುಂಡಿಗಳಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ನಿಂತಿಲ್ಲ. ಶರಣರು ನಡೆದಾಡಿದ ನಾಡು ನಮ್ಮದು. ಬಟ್ಟೆ ಮಡಿ ಮಾಡುವ ಮಾಚಯ್ಯನ ಕಾಯಕವನ್ನೂ ತೊಗಲು ಹದ ಮಾಡುವ ಕಕ್ಕಯ್ಯನ ಕಾಯಕವನ್ನೂ ಅವರು ಪೂಜೆಗೆ ಸಮವೆಂದು ಒಪ್ಪಿದರು. ನಾವು ಅವರ ಹೆಸರನ್ನು ಉಳಿಸಿಕೊಂಡೆವು. ರಾಡಿ ತೆಗೆಯುವ ಕೈಯನ್ನು ಇಂದಿಗೂ ದೂರವೇ ಇಟ್ಟಿದ್ದೇವೆ.

ಸೋರಿಕೆ ನಿಂತಿತು, ಪಕ್ಕದ ಗೋಡೆ ಒಣಗಿತು. ಕೆಲಸ ಮುಗಿಯಿತೆಂದೇ ನನ್ನ ನಂಬಿಕೆಯಾಗಿತ್ತು. ಆದರೆ ಸರಿಯಾದ ಪೈಪ್ ಮಾಡುವುದಾದರೂ ಏನು? ನಮ್ಮ ರಾಡಿಯನ್ನು ಒಂದು ಹನಿಯೂ ಬಿಡದೆ ಓಣಿಯ ಗಟಾರಕ್ಕೆ ತಲುಪಿಸುತ್ತದೆ. ಗಟಾರ ಇಳಿಜಾರಿನ ಮನೆಗಳ ಬಾಗಿಲ ಮುಂದೆ ಹಾಯುತ್ತದೆ, ಸೊಳ್ಳೆಗಳಿಗೆ ತವರಾಗುತ್ತದೆ, ಮಳೆಯಲ್ಲಿ ಹಳ್ಳಕ್ಕೆ ಬೀಳುತ್ತದೆ. ಆಳಂದ ತಾಲೂಕಿನ ಅನೇಕ ಹಳ್ಳಗಳು ಅಮರ್ಜೆಯ ಪಾಲಾಗುತ್ತವೆ. ಅಮರ್ಜಾ ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ದತ್ತನ ಭಕ್ತರು ಪುಣ್ಯಸ್ನಾನ ಮಾಡುವ ಸಂಗಮ ಅದು. ಅಲ್ಲಿಂದ ಭೀಮೆ ಜೇವರ್ಗಿಯ ಸೀಮೆಗೆ ಹರಿಯುತ್ತಾಳೆ, ದಡದ ಊರುಗಳ ಬಾಯಾರಿಕೆ ತಣಿಸುತ್ತಾಳೆ. ಕಲಬುರಗಿ ನಗರಕ್ಕೂ ಅವಳ ನೀರು ಏರುತ್ತದೆ. ಮೇಲಿನ ರಾಜ್ಯದವರು ಭೀಮೆಗೆ ನೀರು ಬಿಡಲಿಲ್ಲ, ಬಿಟ್ಟದ್ದೂ ಶುದ್ಧವಿಲ್ಲ ಎಂದು ನಾವು ಆಕ್ಷೇಪಿಸುತ್ತೇವೆ. ಆ ಆಕ್ಷೇಪದಲ್ಲಿ ನ್ಯಾಯವೂ ಇದೆ. ಆದರೆ ಹರಿಯುವ ನೀರಿನ ಮಗ್ಗುಲಲ್ಲಿ ಬಾಳುವ ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಮೇಲಿನವರೇ. ಪಕ್ಕದ ಮನೆಯ ತಾಯಿ ನಮ್ಮ ಬಾಗಿಲು ತಟ್ಟಲು ಸಾಧ್ಯವಿತ್ತು. ಜೇವರ್ಗಿಯ ದಡದಲ್ಲಿ ಕೊಡ ತುಂಬುವ ತಾಯಿಗೆ ನಮ್ಮ ಮನೆಯ ವಿಳಾಸ ತಿಳಿಯದು.

ಬಿಟ್ಟ ನೀರು ಎಲ್ಲಿ ಸೇರುತ್ತದೆಂದು ಅರಿಯದಿರುವುದು ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಲಂಡನ್ನಿನ ಒಂದು ಬೀದಿ ಸಾಕ್ಷಿ. 1854ರಲ್ಲಿ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಹಬ್ಬಿ 600ಕ್ಕೂ ಹೆಚ್ಚು ಜನ ಸತ್ತರು. ರೋಗದ ಮೂಲ ಬೀದಿಯ ಬಾವಿ ಪಂಪಿನ ನೀರೆಂದು ವೈದ್ಯ ಜಾನ್ ಸ್ನೋ ತೋರಿಸಿದರು. ಮರುವರ್ಷ ನೆಲ ಅಗೆದಾಗ, ಬಾವಿಯಿಂದ ಮೂರಡಿಯೂ ದೂರವಿಲ್ಲದ ಮನೆಯೊಂದರ ಕೊಳಚೆಗುಂಡಿಯ ಇಟ್ಟಿಗೆಗಳು ಶಿಥಿಲವಾಗಿ, ಅದರ ನೀರು ಬಾವಿಗೆ ಸೋರುತ್ತಿದ್ದುದು ಕಂಡಿತು. ಕಾಯಿಲೆ ಬಿದ್ದ ಕೂಸಿನ ಬಟ್ಟೆ ತೊಳೆದ ನೀರನ್ನು ಅದರ ತಾಯಿ ಆ ಗುಂಡಿಗೆ ಚೆಲ್ಲಿದ್ದಳು. ಅವಳಲ್ಲಿ ಯಾವ ಕೇಡಿನ ಉದ್ದೇಶವೂ ಇರಲಿಲ್ಲ. ಮನೆ ಚೊಕ್ಕಟವಾಗಿಡುವ ತಾಯಿಯ ನಿತ್ಯದ ಕೆಲಸವದು. ನಿರುದ್ದೇಶದ ಕೇಡಿಗೆ ನಾವು ಹೊಣೆಯೇ ಎಂದು ಬಹುಕಾಲ ಅನುಮಾನಿಸುತ್ತಿದ್ದೆ. ಅರಿಯದೆ ಆದದ್ದಕ್ಕೆ ದೋಷ ಹೊರಿಸಲಾಗದು, ನಿಜ. ಆದರೆ ಅರಿಯಲು ದಾರಿ ಇದ್ದೂ ಅರಿಯದೆ ಉಳಿದರೆ, ಅಲ್ಲಿಂದ ಹೊಣೆ ಶುರುವಾಗುತ್ತದೆ ಎಂಬುದು ಈಗ ನನಗೆ ಸ್ಪಷ್ಟ.

ನಮ್ಮ ಹಿರಿಯರು ಹಿತ್ತಲಿನಲ್ಲಿ ಬಚ್ಚಲ ನೀರಿಗೆ ಬಾಳೆ, ಕೆಸುವು ಹಚ್ಚುತ್ತಿದ್ದರು. ಹಳ್ಳಿಗಳಲ್ಲಿ ಈಗ ಉದ್ಯೋಗ ಖಾತ್ರಿಯಡಿ ಬಚ್ಚಲುಗುಂಡಿ ತೋಡಿಸಿದ್ದಾರೆ. ಎರೆಮಣ್ಣು ನೀರನ್ನು ಬೇಗ ಇಂಗಿಸದ ಕಾರಣ, ನಮ್ಮಲ್ಲಿ ಗುಂಡಿ ಗರಸಿನ ಪದರ ಮುಟ್ಟುವಷ್ಟು ಆಳವಿರಬೇಕು, ಗೋಡೆಗಳಿಂದಲೂ ಬಾವಿಯಿಂದಲೂ ದೂರವಿರಬೇಕು, ಜಿಡ್ಡು ತಡೆಯುವ ಒಂದು ಚಿಕ್ಕ ತೊಟ್ಟಿ ಮುಂದಿರಬೇಕು. ಇಂಥ ವಿವೇಕ ಹೊಸದಲ್ಲ. ಸುಮಾರು 4500 ವರ್ಷಗಳ ಹಿಂದೆಯೇ ಮೊಹೆಂಜೊದಾರೊದ ಜನ ಮನೆಯ ನೀರಿನ ಕಸವನ್ನು ಗುಂಡಿಯಲ್ಲಿ ತಂಗಿಸಿ, ಬಳಿಕ ಬೀದಿಯ ಮುಚ್ಚಿದ ಚರಂಡಿಗೆ ಬಿಡುತ್ತಿದ್ದರು. ನಾವೂ ಹಿತ್ತಲಿನ ದೂರದ ಮೂಲೆಯಲ್ಲಿ ಅಂಥ ಗುಂಡಿ ತೋಡಿಸಿ, ಬದಿಗೆ ಬಾಳೆ ನೆಟ್ಟಿದ್ದೇವೆ. ಇದರಿಂದ ಭೀಮೆ ಶುದ್ಧಳಾದಳೆಂದು ನಾನು ಭಾವಿಸಿಲ್ಲ. ಪಟ್ಟಣಗಳ ಕೊಳಚೆ ನೀರನ್ನು ಶುದ್ಧಮಾಡುವ ಹೊಣೆ ಆಡಳಿತದ್ದು. ಅದನ್ನು ಕೇಳುವುದು ನಮ್ಮ ಹಕ್ಕು. ಆದರೆ ಕೇಳುವ ದನಿಗೆ ಬಲ ಬರಬೇಕಾದರೆ, ಕೇಳುವವರ ಹಿತ್ತಲು ಮೊದಲು ಆ ಮಾತಿಗೆ ತಕ್ಕಂತಿರಬೇಕು.

ಶುಚಿತ್ವವೆಂದರೆ ಹೊಲಸನ್ನು ನನ್ನ ಹೊಸ್ತಿಲಿನಿಂದ ಆಚೆ ದಾಟಿಸುವುದು ಎಂದು ತಿಳಿದು ಅರ್ಧ ಆಯುಷ್ಯ ಕಳೆಯಿತು. ನಾನು ಬಳಸಿದ್ದು ಇನ್ನೊಬ್ಬರಿಗೆ ಬಾಧೆಯಾಗದಂತೆ ಮಣ್ಣಿಗೆ ಮರಳುವವರೆಗೆ ಅದು ನನ್ನದೇ ಎಂದು ಈಗ ನಂಬಿದ್ದೇನೆ. ಓದುಗರೇ, ನಿಮ್ಮ ಮನೆಯ ನೀರು ಎಲ್ಲಿಂದ ಬರುತ್ತದೆ ಎಂಬುದು ನಿಮಗೆ ತಿಳಿದೇ ಇರುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಒಂದು ಬೆಳಿಗ್ಗೆ ಹೊರಗೆ ಬಂದು, ಅದರ ಬೆನ್ನು ಹಿಡಿದು ನಡೆದು ನೋಡಿ. ಅದು ಯಾರ ಬಾಗಿಲ ಮುಂದೆ ನಿಲ್ಲುತ್ತದೋ ಅವರನ್ನು ಮಾತನಾಡಿಸಿ. ಅವರು ನಿಮ್ಮ ಬಾಗಿಲು ತಟ್ಟುವವರೆಗೆ ಕಾಯಬೇಡಿ.