ಮೌನಿಯ ಮುಂದೆ ಪ್ರಶ್ನೆ

ಮೌನವನ್ನು ವ್ರತವಾಗಿ ಬಲ್ಲವರು ನಾವು. ಆದರೆ ಠಾಣೆಯಲ್ಲಿ ಕುಳಿತ ಅಧಿಕಾರಿಗೆ ಎದುರಿನವನ ಮೌನವು ವ್ರತವೋ, ಭಯವೋ, ಕಪಟವೋ ತಿಳಿಯುವ ಬಗೆ ಹೇಗೆ? ತಿಳಿಯದಿದ್ದಾಗ ಆತನ ಧರ್ಮವೇನು?

ಪ್ರಶ್ನೆ ಹೊಸತಲ್ಲ. ಶ್ವೇತಾಂಬರ ಪರಂಪರೆಯ ಚರಿತ್ರೆಗಳು ಹೇಳುವಂತೆ, ಭಗವಾನ್ ಮಹಾವೀರರು ಛದ್ಮಸ್ಥಾವಸ್ಥೆಯಲ್ಲಿ ಚೋರಾಕವೆಂಬ ಊರಿಗೆ ಬಂದಾಗ ಕಾವಲುಗಾರರು ಯಾರೆಂದು ಕೇಳಿದರು. ಭಗವಂತರು ಮೌನದಲ್ಲಿದ್ದರು. ಗೂಢಚಾರರೆಂದು ಬಗೆದು ಅವರನ್ನು ಹಿಡಿದು ಪೀಡಿಸಿದರು. ಸೋಮಾ, ಜಯಂತಿ ಎಂಬ ಪರಿವ್ರಾಜಿಕೆಯರು ಗುರುತಿಸಿ ಹೇಳಿದ ಮೇಲೆಯೇ ಬಿಡುಗಡೆ. ಆ ಕಾವಲುಗಾರರನ್ನು ದುಷ್ಟರೆನ್ನಬೇಕಾಗಿಲ್ಲ. ಊರು ಕಾಯುವುದು ಅವರ ಕರ್ತವ್ಯ. ಮೌನಕ್ಕೆ ತಾವೇ ಅರ್ಥ ಕಲ್ಪಿಸಿದ್ದು ಅವರ ತಪ್ಪು.

ಇಂದಿನ ನ್ಯಾಯವೂ ಈ ತಪ್ಪನ್ನು ತಡೆಯುತ್ತದೆ. ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲಾತ್ಕರಿಸಕೂಡದೆಂಬುದು ಸಂವಿಧಾನದ 20(3)ನೆಯ ವಿಧಿ. ನಮ್ಮ ರಾಜ್ಯವೇ ಪ್ರತಿವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆ ಸಲ್ಲದೆಂದು 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು.

ಹಾಗಾದರೆ ಪೊಲೀಸರು ಕೈಕಟ್ಟಿ ಕೂರಬೇಕೆ? ಇಲ್ಲ. ಮುನಿಗಳ ಐದು ಸಮಿತಿಗಳಲ್ಲಿ ಭಾಷಾಸಮಿತಿಯೂ ಒಂದು: ಹಿತವಾಗಿ, ಮಿತವಾಗಿ, ಸಂದೇಹಕ್ಕೆಡೆಯಿಲ್ಲದಂತೆ ನುಡಿಯುವುದು. ಇದನ್ನು ಖಾಕಿ ತೊಟ್ಟವನೂ ಆಚರಿಸಬಲ್ಲನು. ಎದುರಿನವನನ್ನು ಕುಳ್ಳಿರಿಸಿ ತಾನೂ ಕುಳಿತುಕೊಳ್ಳಲಿ. ತನ್ನ ಹೆಸರನ್ನೂ ಕರೆಸಿದ ಕಾರಣವನ್ನೂ ಹೇಳಲಿ. ಒಂದೇ ಪ್ರಶ್ನೆ ಕೇಳಿ ಕಾಯಲಿ. ಕಿವಿ ಕೇಳದೆ ಇರಬಹುದು, ಭಾಷೆ ಬಾರದೆ ಇರಬಹುದು, ದುಃಖದಿಂದ ಗಂಟಲು ಕಟ್ಟಿರಬಹುದು. ಕಾಗದ, ಲೇಖನಿ ಮುಂದಿಡಲಿ, ಭಾಷೆ ಬಲ್ಲವರನ್ನು ಕರೆಸಲಿ. ದನಿ ಏರಿಸಿದಷ್ಟೂ ಬೆದರಿದವನ ಬಾಯಿ ಮುಚ್ಚಿಕೊಳ್ಳುತ್ತದೆ.

ಕಾಣೆಯಾದ ಮಗುವೊಂದರ ಸುಳಿವು ಆ ಮೌನಿಯಲ್ಲೇ ಇದ್ದರೆ? ಇದು ಕಠಿನ ಪ್ರಸಂಗ. ಆಗಲೂ ಪೆಟ್ಟು ಸತ್ಯವನ್ನು ತರುವುದೆಂಬ ಭರವಸೆಯಿಲ್ಲ; ನೋವು ನಿಲ್ಲಲೆಂದು ಮನುಷ್ಯನು ಏನನ್ನಾದರೂ ನುಡಿಯುತ್ತಾನೆ, ಆ ಸುಳ್ಳಿನ ಹಿಂದೆ ಓಡುವಷ್ಟರಲ್ಲಿ ಹೊತ್ತು ಮೀರುತ್ತದೆ. ಮಗುವಿಗೊದಗಿದ ಆಪತ್ತನ್ನು ಶಾಂತವಾಗಿ ತಿಳಿಸಿ ಮತ್ತೆ ಮತ್ತೆ ಕೇಳುವುದೇ ಅಧಿಕಾರಿಗೆ ಉಳಿದ ದಾರಿ. ಇತ್ತ ಮೌನಿಗೂ ಕರ್ತವ್ಯವುಂಟು. ಜೀವವೊಂದು ಆಪತ್ತಿನಲ್ಲಿರುವುದನ್ನು ಅರಿತೂ ಮುಚ್ಚಿಡುವ ಮೌನವು ವ್ರತವಲ್ಲ, ಮಾಯಾಕಷಾಯ. ನುಡಿಯಲಾರದವನು ಬರೆದಾದರೂ ತಿಳಿಸಬೇಕು.

ನುಡಿಯದವನ ಸಂಯಮವನ್ನು ನಾವು ಕೊಂಡಾಡುತ್ತೇವೆ. ಕೈಯಲ್ಲಿ ಲಾಠಿಯಿದ್ದೂ ಉತ್ತರಕ್ಕಾಗಿ ಕಾಯಬಲ್ಲವನದು ಅದಕ್ಕಿಂತ ಕಿರಿದಾದ ಸಂಯಮವೆ?